ಮುಖಕ್ಕೂ ಲೈನಿಂಗ್ ಇದೆ: ಫೇಸ್‌ಲಿಫ್ಟ್ ಯಾವಾಗ ಮಾಡಿಸಬೇಕು, ಎಷ್ಟು ವರ್ಷ ನಿಲ್ಲುತ್ತದೆ

ಮಲ್ಲೇಶ್ವರದ ಎಂಟನೇ ಕ್ರಾಸಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ರವಿಕೆಯೇ ನನ್ನ ಕಸುಬು. ಟ್ರಯಲ್ ಕೊಠಡಿಯಲ್ಲಿ ಆಳೆತ್ತರದ ಕನ್ನಡಿ ಇದೆ. ಗಿರಾಕಿಯ ಬೆನ್ನಿಗೆ ಪಿನ್ನು ಚುಚ್ಚುತ್ತಾ ತಲೆ ಎತ್ತಿದರೆ ಅವರ ಮುಖದ ಪಕ್ಕದಲ್ಲಿ ನನ್ನದೂ ಕಾಣುತ್ತದೆ. ಐವತ್ತು ದಾಟಿದ ಮೇಲೆ ದಿನಕ್ಕೆ ಇಪ್ಪತ್ತು ಸಲ ಆ ಮುಖವನ್ನು ನೋಡುವುದು ಕಷ್ಟವಾಗತೊಡಗಿತು. ದವಡೆಯ ಎರಡೂ ಬದಿಯಲ್ಲಿ ಮಾಂಸ ಇಳಿದು, ತುಟಿಯ ತುದಿಗಳು ಕೆಳಗೆ ಬಾಗಿ, ಸಂತೋಷದಲ್ಲಿದ್ದಾಗಲೂ ಮುನಿಸಿಕೊಂಡವಳಂತೆ ಕಾಣುತ್ತಿದ್ದೆ. 2015ರ ಡಿಸೆಂಬರ್‌ನಲ್ಲಿ, 54ನೆಯ ವಯಸ್ಸಿನಲ್ಲಿ, ಫೇಸ್‌ಲಿಫ್ಟ್ ಮಾಡಿಸಿಕೊಂಡೆ. ಅದಾಗಿ ಹತ್ತು ವರ್ಷ ಕಳೆದಿದೆ.

ಈ ವಿಷಯ ಗೊತ್ತಿರುವ ಗಿರಾಕಿಗಳು ಟ್ರಯಲ್ ಕೊಠಡಿಯ ಬಾಗಿಲು ಮುಚ್ಚಿಕೊಂಡು ದನಿ ತಗ್ಗಿಸಿ ಕೇಳುವುದು ಎರಡೇ ಪ್ರಶ್ನೆ: ಯಾವಾಗ ಮಾಡಿಸಬೇಕು, ಎಷ್ಟು ವರ್ಷ ನಿಲ್ಲುತ್ತದೆ? ನಾನು ವೈದ್ಯಳಲ್ಲ. ಆದರೆ ನಿರ್ಧಾರಕ್ಕೆ ಬರುವ ಮುನ್ನ ಒಂದೂವರೆ ವರ್ಷ ಮೂವರು ಪ್ಲಾಸ್ಟಿಕ್ ಸರ್ಜನ್‌ಗಳ ಬಳಿಗೆ ಅಲೆದು, ಉತ್ತರಗಳನ್ನು ಅಳತೆ ಪುಸ್ತಕದಲ್ಲೇ ಬರೆದಿಟ್ಟುಕೊಂಡವಳು. ಆ ಪುಟಗಳನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಥ ಮಾಡಿಕೊಳ್ಳಬೇಕಾದ ಒಂದು ಸಂಗತಿ

ಫೇಸ್‌ಲಿಫ್ಟ್ ಎಂದರೆ ಚರ್ಮವನ್ನು ಎಳೆದು ಹೊಲಿಯುವುದು ಎಂದು ನಾನೂ ತಿಳಿದಿದ್ದೆ. ಹಿಂದೆ ಹಾಗೆಯೇ ಮಾಡುತ್ತಿದ್ದರು. ಚರ್ಮ ಹಿಗ್ಗುವ ವಸ್ತು. ಎಳೆದು ಹೊಲಿದರೆ ಒಂದೆರಡು ವರ್ಷದಲ್ಲಿ ಮತ್ತೆ ಸಡಿಲವಾಗುತ್ತದೆ, ಹೊಲಿಗೆಯ ಗುರುತು ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಗೆ ಜಗ್ಗಿ ಕೆನ್ನೆಗೆ ಅಂಟಿಕೊಂಡಂತೆ ಕಾಣುತ್ತದೆ. ಚರ್ಮದ ಕೆಳಗಿನ ಕೊಬ್ಬಿಗೂ ಕೆಳಗೆ ಸ್ನಾಯುಗಳಿಗೆ ಹೊಂದಿಕೊಂಡ ಒಂದು ಗಟ್ಟಿ ಪದರವಿದೆ. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೋನಿ ಎಂಬ ವೈದ್ಯರು ಅದನ್ನು ವಿವರಿಸಿದರು. ಸರ್ಜನ್‌ಗಳು ಅದನ್ನು ಸ್ಮಾಸ್ ಎನ್ನುತ್ತಾರೆ. ಈಗ ಎತ್ತಿ ಬಿಗಿಯುವುದು ಆ ಪದರವನ್ನು. ಚರ್ಮವನ್ನು ಅದರ ಮೇಲೆ ಎಳೆತವಿಲ್ಲದೆ ಹಾಸಿ, ಹೆಚ್ಚಾದದ್ದನ್ನಷ್ಟೇ ಕತ್ತರಿಸುತ್ತಾರೆ. ಆ ಪದರದ ಕೆಳಗೇ ಬಿಡಿಸಿ, ಮುಖವನ್ನು ಮೂಳೆಗೆ ಕಟ್ಟಿಹಾಕಿರುವ ಬಿಗಿತಗಳನ್ನು ಸಡಿಲಿಸಿ ಎಲ್ಲವನ್ನೂ ಒಟ್ಟಿಗೆ ಎತ್ತುವ ಕ್ರಮವೂ ಇದೆ. 1990ರಲ್ಲಿ ಅಮೆರಿಕದ ಹಾಮ್ರಾ ಎಂಬ ಸರ್ಜನ್ ಅದನ್ನು ಪ್ರಕಟಿಸಿದರು. ಡೀಪ್ ಪ್ಲೇನ್ ಎಂಬುದು ಅದರ ಹೆಸರು.

ಆ ಮೂವರಲ್ಲಿ ಕೊನೆಗೆ ನಾನು ಆರಿಸಿಕೊಂಡ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ನನಗೆ ತಟ್ಟನೆ ಹೊಳೆದದ್ದು ಲೈನಿಂಗ್. ರೇಷ್ಮೆ ರವಿಕೆಯಲ್ಲಿ ಮೈಯ ಎಳೆತವನ್ನೆಲ್ಲ ಒಳಗಿನ ಹತ್ತಿ ಲೈನಿಂಗ್ ಹೊರಬೇಕು, ರೇಷ್ಮೆ ಅದರ ಮೇಲೆ ಸುಮ್ಮನೆ ಕೂರಬೇಕು. ಎಳೆತ ರೇಷ್ಮೆಗೆ ಬಿದ್ದರೆ ಕಂಕುಳಲ್ಲಿ ಎಳೆ ಬಿಡುತ್ತದೆ. ಆದ್ದರಿಂದ ಯಾರನ್ನೇ ಭೇಟಿ ಮಾಡಿದರೂ ಮೊದಲು ಕೇಳಬೇಕಾದದ್ದು ಇದು: ನೀವು ಎತ್ತುವುದು ಚರ್ಮವನ್ನೋ, ಒಳಪದರವನ್ನೋ? ನಾನು ಹೋದ ಮೊದಲ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂಬ ಮಾತು ಮಾತ್ರ ಬಂತು. ಎದ್ದು ಬಂದೆ.

ದಾರ ಹಾಕಿಸಿಕೊಳ್ಳುವ ಥ್ರೆಡ್ ಲಿಫ್ಟ್ ಬಗ್ಗೆಯೂ ಕೇಳುತ್ತಾರೆ. ಅಂಥ ದಾರಗಳಲ್ಲಿ ಹೆಚ್ಚಿನವು ಕೆಲವು ತಿಂಗಳಲ್ಲಿ ಮೈಯೊಳಗೇ ಕರಗುತ್ತವೆ. ನನ್ನ ಗಿರಾಕಿಗಳಿಬ್ಬರಲ್ಲಿ ಅದರ ಫಲ ವರ್ಷವೂ ಉಳಿಯಲಿಲ್ಲ. ನಮ್ಮ ಭಾಷೆಯಲ್ಲಿ ಅದು ಕಚ್ಚಾ ಹೊಲಿಗೆ.

ಯಾವಾಗ: ಕನ್ನಡಿಯ ಮುಂದೆ

ವಯಸ್ಸನ್ನು ಹಿಡಿದು ನಿರ್ಧರಿಸಬೇಡಿ. ಸಾಮಾನ್ಯವಾಗಿ 45ರಿಂದ 65ರ ನಡುವೆ ಮಾಡಿಸುತ್ತಾರೆ ಎನ್ನುವುದು ನಿಜ, ಆದರೆ 48ಕ್ಕೇ ದವಡೆ ಇಳಿದವರನ್ನೂ 62ರಲ್ಲಿ ದವಡೆಯ ಗೆರೆ ನೇರವಾಗಿರುವವರನ್ನೂ ನಾನು ಆ ಕನ್ನಡಿಯಲ್ಲೇ ನೋಡಿದ್ದೇನೆ. ಮುಖದಲ್ಲಿ ಏನು ಇಳಿದಿದೆ ಎಂಬುದನ್ನು ನೋಡಿ.

ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ, ಮುಖ ತೊಳೆದು ಕುಳಿತುಕೊಳ್ಳಿ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಕೆನ್ನೆಯನ್ನು ಮೇಲಕ್ಕೂ ಹಿಂದಕ್ಕೂ ಒಂದು ಸೆಂಟಿಮೀಟರ್‌ನಷ್ಟೇ ಸರಿಸಿ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ದವಡೆಯ ಗೆರೆ ಮೂಡಿ, ಕತ್ತು ಬಿಗಿಯಾಗಿ, ನಿಮಗೆ ಬೇಕಾದ ಮುಖ ಕಂಡರೆ ಫೇಸ್‌ಲಿಫ್ಟ್ ನಿಮ್ಮ ಕೆಲಸಕ್ಕೆ ಬರುತ್ತದೆ. ಆಮೇಲೆ ಅಂಗಾತ ಮಲಗಿ ಕೈಗನ್ನಡಿ ಹಿಡಿದು ನೋಡಿ. ಮಲಗಿದಾಗ ಇಳಿದ ಮಾಂಸ ತಾನೇ ಹಿಂದಕ್ಕೆ ಸರಿಯುತ್ತದೆ. ಆಗಲೂ ಉಳಿದುಕೊಂಡದ್ದು ಏನು ಎಂದು ಗುರುತು ಮಾಡಿಕೊಳ್ಳಿ. ಕಣ್ಣ ಕೆಳಗಿನ ಚೀಲ, ಹಣೆಯ ಗೆರೆ, ಮೇಲ್ದುಟಿಯ ಸಣ್ಣ ಸಣ್ಣ ಗೆರೆ, ಬಂಗು, ಕುಳಿಬಿದ್ದ ಕೆನ್ನೆ — ಇವು ಯಾವುವೂ ಫೇಸ್‌ಲಿಫ್ಟಿನಿಂದ ಹೋಗುವುದಿಲ್ಲ. ರೆಪ್ಪೆಗೆ ಬೇರೆ ಶಸ್ತ್ರಚಿಕಿತ್ಸೆ, ಕುಳಿಗೆ ಕೊಬ್ಬು ತುಂಬುವುದು, ಗೆರೆಗೆ ಲೇಸರ್ ಬೇಕು. ಮೂಗಿನ ಬದಿಯಿಂದ ಬಾಯಿಯವರೆಗೆ ಇಳಿಯುವ ಗೆರೆ ಸ್ವಲ್ಪ ತೆಳುವಾಗುತ್ತದೆ, ಮಾಯವಾಗುವುದಿಲ್ಲ. ಮಾಡಿಸಿಕೊಂಡು ನಿರಾಶರಾದವರಲ್ಲಿ ನನಗೆ ಗೊತ್ತಿರುವ ಮೂವರೂ ಈ ಒಂದು ಪರೀಕ್ಷೆಯನ್ನು ಮಾಡಿರಲಿಲ್ಲ; ಅವರಿಗೆ ಬೇಕಾಗಿದ್ದದ್ದು ಕಣ್ಣಿನ ಕೆಲಸ.

ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಹೆಚ್ಚು ಕಾಲ ನಿಲ್ಲುತ್ತದೆಯೇ? ಚರ್ಮದಲ್ಲಿ ಇನ್ನೂ ಬಿಗಿ ಇರುವಾಗ ಮಾಡಿಸಿದ್ದು ಚೆನ್ನಾಗಿ ನಿಲ್ಲುತ್ತದೆ, ಸರಿ. ಆದರೆ ಇಳಿಯದೇ ಇರುವುದನ್ನು ಎತ್ತಲು ಆಗುವುದಿಲ್ಲ, ಕಿವಿಯ ಸುತ್ತ ಗಾಯದ ಗುರುತು ಮಾತ್ರ ಉಳಿಯುತ್ತದೆ. ನಲವತ್ತಕ್ಕೆ ಕೇಳಿಕೊಂಡು ಬರುವವರಿಗೆ ಕಾಯಿರಿ ಎನ್ನುತ್ತೇನೆ.

ಯಾವಾಗ: ದೇಹ ಮತ್ತು ಮನೆ

ತೂಕ ಇಳಿಸುವ ಯೋಚನೆ ಇದ್ದರೆ ಮೊದಲು ಇಳಿಸಿ, ಆರು ತಿಂಗಳು ಅದೇ ತೂಕದಲ್ಲಿ ನಿಲ್ಲಿ, ಆಮೇಲೆ ಬನ್ನಿ. ಶಸ್ತ್ರಚಿಕಿತ್ಸೆಯ ನಂತರ ಹತ್ತು ಕಿಲೋ ಇಳಿದರೆ ಬಿಗಿದ ಮುಖ ಮತ್ತೆ ಜೋಲುತ್ತದೆ. ಅಳತೆ ಕೊಟ್ಟು ಹೋದ ಮೇಲೆ ಮೈ ಇಳಿದರೆ ರವಿಕೆಗೆ ಆಗುವುದೂ ಅದೇ.

ಧೂಮಪಾನ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಬೇಕು, ನಂತರವೂ ನಾಲ್ಕು ವಾರ. ಎಲೆಅಡಿಕೆಯ ಜೊತೆಗಿನ ತಂಬಾಕೂ ಬೇಡ. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬಿಡಿಸಿಟ್ಟ ಚರ್ಮಕ್ಕೆ ರಕ್ತ ತಲುಪದಿದ್ದರೆ ಕಿವಿಯ ಹಿಂದೆ ಅದು ಕಪ್ಪಾಗಿ ಸಾಯುತ್ತದೆ. ರಕ್ತದೊತ್ತಡ ಹತೋಟಿಯಲ್ಲಿರಲೇಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಆಗುವ ತೊಂದರೆ ಚರ್ಮದ ಕೆಳಗೆ ರಕ್ತ ಕಟ್ಟುವುದು, ಅದೂ ಬಹುತೇಕ ಮೊದಲ 24 ಗಂಟೆಗಳಲ್ಲಿ. ಗಡ್ಡದ ಬುಡಗಳಿಗೆ ರಕ್ತ ಹೆಚ್ಚು ಹರಿಯುವುದರಿಂದ ಗಂಡಸರಲ್ಲಿ ಇದು ಇನ್ನೂ ಹೆಚ್ಚು. ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ ಎಲ್ಲವನ್ನೂ ಸರ್ಜನ್‌ಗೆ ಹೇಳಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅನ್ನು ಹೃದಯದ ವೈದ್ಯರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ.

ತುಮಕೂರಿನ ನಮ್ಮಕ್ಕ ನನ್ನ ಮುಖ ನೋಡಿ ತಾನೂ ಹೊರಟಳು. ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂಬತ್ತರ ಮೇಲಿತ್ತು. ಡಾಕ್ಟರಮ್ಮ, "ಅಕ್ಕಾ, ಗಾಯ ಮಾಯುವುದಿಲ್ಲ, ಮೊದಲು ಇದನ್ನು ಏಳಕ್ಕೆ ತನ್ನಿ" ಎಂದು ವಾಪಸು ಕಳುಹಿಸಿದರು. ಅಕ್ಕನಿಗೆ ಬೇಸರವಾಯಿತು, ನನಗೆ ಆ ವೈದ್ಯರ ಮೇಲೆ ನಂಬಿಕೆ ಇಮ್ಮಡಿಯಾಯಿತು.

ಕಿವಿ ಚುಚ್ಚಿಸಿದಲ್ಲಿ, ಸಿಡುಬಿನ ಚುಚ್ಚುಮದ್ದು ಹಾಕಿಸಿದಲ್ಲಿ ಗಂಟುಗಂಟಾಗಿ ಉಬ್ಬಿದ ಕಲೆ ಇದೆಯೇ? ಅದು ಕೀಲಾಯ್ಡ್ ಆಗಿರಬಹುದು. ನಮ್ಮ ಬಣ್ಣದ ಚರ್ಮದಲ್ಲಿ ಬಿಳಿಯರಿಗಿಂತ ಇದು ಹೆಚ್ಚು. ತಪ್ಪದೆ ತೋರಿಸಿ, ಕೆಲವರಿಗೆ ಇದೊಂದೇ ಕಾರಣಕ್ಕೆ ಬೇಡ ಎನ್ನುತ್ತಾರೆ.

ಮನೆಯಲ್ಲಿ ಸಾವಾಗಿದ್ದರೆ, ಸಂಸಾರ ಮುರಿದಿದ್ದರೆ ಒಂದು ವರ್ಷ ಹೋಗಲಿ. ಮಗಳ ಮದುವೆಗೆಂದು ಮಾಡಿಸುವವರು ಮುಹೂರ್ತಕ್ಕೆ ಆರು ತಿಂಗಳು ಮೊದಲು ಮಾಡಿಸಲಿ, ಬಹಳ ಕಡಿಮೆಯೆಂದರೆ ಮೂರು ತಿಂಗಳು. ಮೂರು ವಾರ ಸಾಕು ಎಂದು ಯಾರು ಹೇಳಿದರೂ ಕೇಳಬೇಡಿ. ನಾನು ಧನುರ್ಮಾಸವನ್ನು ಆರಿಸಿಕೊಂಡೆ: ಮದುವೆಗಳಿಲ್ಲ, ರವಿಕೆಯ ಒತ್ತಡವಿಲ್ಲ, ಬೆವರಿಲ್ಲ, ಸ್ವೆಟರ್ ಮತ್ತು ಸ್ಕಾರ್ಫ್ ಹಾಕಿದರೆ ಯಾರೂ ಏಕೆಂದು ಕೇಳುವುದಿಲ್ಲ.

ಯಾರ ಕೈಗೆ ಕೊಡಬೇಕು

ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮಾನವಾದ ಡಿಎನ್‌ಬಿ ಮಾಡಿದವರು ಎಂಬುದನ್ನು ನೋಡಿ. ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿರಬೇಕು. ಜಾಗಕ್ಕೆ ಪರವಾನಗಿ, ಅರಿವಳಿಕೆ ತಜ್ಞರು, ರಾತ್ರಿ ತುರ್ತು ಬಂದರೆ ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ನಟಿಯೊಬ್ಬರು, ಇನ್ನೂ 21 ವರ್ಷದ ಹುಡುಗಿ, ತೀರಿಕೊಂಡದ್ದು ನೆನಪಿರಲಿ. ಆ ಸುದ್ದಿ ಓದಿದ ದಿನ ನನಗೆ ಕತ್ತರಿ ಹಿಡಿಯಲು ಆಗಲಿಲ್ಲ.

ಅವರೇ ಮಾಡಿದ, ಐದು ವರ್ಷ ಕಳೆದ ಮುಖಗಳ ಫೋಟೋ ಕೇಳಿ. ಎಲ್ಲರೂ ಮೂರನೆಯ ತಿಂಗಳ ಫೋಟೋ ತೋರಿಸುತ್ತಾರೆ. ಹೊಸ ರವಿಕೆ ಎಲ್ಲರದೂ ಚೆನ್ನಾಗಿ ಕೂರುತ್ತದೆ, ಹತ್ತು ಸಲ ಒಗೆದ ಮೇಲೆ ನೋಡಬೇಕು. ಹಣದ ವಿಷಯ ಚುಟುಕಾಗಿ: ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ನನಗೆ ಆಗ ಎರಡು ಲಕ್ಷದ ಎಂಬತ್ತು ಸಾವಿರ ಆಯಿತು, ಎರಡು ಚೀಟಿ ಎತ್ತಿ ಕಟ್ಟಿದೆ. ಸಾಲ ಮಾಡಿ ಮಾಡಿಸಬೇಡಿ.

ಆಮೇಲಿನ ದಿನಗಳು

ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ಹಿಡಿಯಿತು. ಮೊದಲ ರಾತ್ರಿ ಕಿವಿಗಳ ಹಿಂದೆ ಎರಡು ಸಣ್ಣ ಕೊಳವೆ, ತಲೆಗೆಲ್ಲ ಪಟ್ಟಿ. ನೋವಿಗಿಂತ ಬಿಗಿತ ಹೆಚ್ಚು. ಒಂದೇ ಬದಿ ಇದ್ದಕ್ಕಿದ್ದಂತೆ ಊದಿ, ಗಟ್ಟಿಯಾಗಿ, ನೋವು ಏರಿದರೆ ಬೆಳಗಾಗುವವರೆಗೆ ಕಾಯಬಾರದು, ಆ ಕ್ಷಣವೇ ಹೇಳಬೇಕು. ಎರಡು ದಿಂಬಿಟ್ಟು ಅಂಗಾತ ಮಲಗಬೇಕು. ಅಗಿಯಲು ಆಗುವುದಿಲ್ಲ, ನಮ್ಮ ಯಜಮಾನರು ಐದು ದಿನ ರಾಗಿ ಗಂಜಿ, ಮೆತ್ತಗಿನ ಇಡ್ಲಿ ಮಾಡಿಕೊಟ್ಟರು. ಕಿವಿಯ ಮುಂದಿನ ಹೊಲಿಗೆಗಳನ್ನು ಆರನೆಯ ದಿನ, ಹಿಂದಿನವನ್ನು ಹತ್ತನೆಯ ದಿನ ತೆಗೆದರು.

ಎರಡನೆಯ ವಾರ ಅತಿ ಕಷ್ಟದ್ದು. ಕತ್ತು ಹಳದಿ, ಕೆನ್ನೆ ನೀಲಿ, ಎಡಗಡೆ ಬಲಗಡೆಗಿಂತ ಊತ. ಏಕಾದರೂ ಮಾಡಿಸಿದೆನೋ ಎಂದು ಅತ್ತೆ. ಹೀಗಾಗುತ್ತದೆ ಎಂದು ಯಾರೂ ಮುಂಚೆ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಆ ವಾರ ಕನ್ನಡಿಯ ಮುಂದೆ ತೀರ್ಮಾನ ಮಾಡಬೇಡಿ. ಮೂರನೆಯ ವಾರದ ಕೊನೆಗೆ ಅಂಗಡಿಗೆ ಹೋದೆ, ಆದರೆ ಬಗ್ಗಿ ಬಟ್ಟೆ ಕತ್ತರಿಸುವಂತಿರಲಿಲ್ಲ. ತುಂಬಿದ ಬಿಂದಿಗೆ ಎತ್ತುವಂತಿರಲಿಲ್ಲ. ತಲೆಗೂದಲಿಗೆ ಬಣ್ಣ ಹಾಕಲು ಆರು ವಾರ ಕಾದೆ.

ಕಿವಿಯ ಹಾಲೆ ಏಳು ತಿಂಗಳು ಮರಗಟ್ಟಿತ್ತು. ಓಲೆಯ ತಿರುಪು ಬೆರಳಿಗೆ ಗೊತ್ತಾಗುತ್ತಿತ್ತು, ಕಿವಿಗೆ ಗೊತ್ತಾಗುತ್ತಿರಲಿಲ್ಲ; ಕನ್ನಡಿ ನೋಡಿಕೊಂಡೇ ಹಾಕಬೇಕಿತ್ತು. ಅಲ್ಲಿ ಹಾದುಹೋಗುವ ನರವೇ ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು. ಮರಗಟ್ಟಿದ ಜಾಗಕ್ಕೆ ಹೇರ್ ಡ್ರೈಯರ್, ಬಿಸಿನೀರಿನ ಚೀಲ ತಾಗಿಸಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಮುಖದ ಚಲನೆಯ ನರಕ್ಕೆ ಶಾಶ್ವತ ಹಾನಿ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದು ಹೇಳುವ ಸರ್ಜನ್‌ನನ್ನು ನಂಬಬೇಡಿ.

ಎಷ್ಟು ವರ್ಷ

ಸಣ್ಣ ಗಾಯದ ಮಿನಿ ಲಿಫ್ಟ್ ಮೂರರಿಂದ ಐದು ವರ್ಷ, ಒಳಪದರ ಬಿಗಿಯುವ ಪೂರ್ಣ ಫೇಸ್‌ಲಿಫ್ಟ್ ಏಳರಿಂದ ಹತ್ತು, ಡೀಪ್ ಪ್ಲೇನ್ ಕೆಲವರಲ್ಲಿ ಅದಕ್ಕೂ ಹೆಚ್ಚು ಎಂದು ಸರ್ಜನ್‌ಗಳು ಹೇಳುತ್ತಾರೆ. ಈ ಲೆಕ್ಕವನ್ನು ಔಷಧದ ಸೀಸೆಯ ಮೇಲಿನ ಕೊನೆಯ ದಿನಾಂಕದಂತೆ ಓದಬೇಡಿ. ಹತ್ತನೆಯ ವರ್ಷದ ಮರುದಿನ ಹಳೆಯ ಮುಖ ವಾಪಸು ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ದಿನ ಮುಖ ಕೆಲವು ವರ್ಷ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮಾಮೂಲಿನಂತೆ ಮುಂದಕ್ಕೆ ನಡೆಯುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದು ಫೋಟೋಗಳಲ್ಲಿ. 2015ರ ಯುಗಾದಿಯಿಂದ ಪ್ರತಿ ಯುಗಾದಿಯ ಬೆಳಿಗ್ಗೆ, ಎಣ್ಣೆಸ್ನಾನ ಆದ ಮೇಲೆ, ಹಜಾರದ ಪೂರ್ವದ ಕಿಟಕಿಯ ಪಕ್ಕ ಅದೇ ಬೆತ್ತದ ಕುರ್ಚಿಯಲ್ಲಿ ಮಗಳು ಫೋಟೋ ತೆಗೆಯುತ್ತಾಳೆ: ನೇರವಾಗಿ ಒಂದು, ಎರಡೂ ಪಕ್ಕದಿಂದ ಒಂದೊಂದು. 2016ರದ್ದರಲ್ಲಿ ಕಿವಿಯ ಹತ್ತಿರ ಇನ್ನೂ ಊತವಿದೆ, ಗಾಯದ ಗೆರೆ ಕೆಂಪಗಿದೆ. 2017ರದ್ದು ಎಲ್ಲಕ್ಕಿಂತ ಚೆನ್ನಾಗಿದೆ. 2020ರವರೆಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. 2021ರಲ್ಲಿ ಗಂಟಲ ಕೆಳಗೆ ಎರಡು ತೆಳು ಪಟ್ಟಿ ಮೂಡಿವೆ. ಮೊದಲು ಸಡಿಲವಾಗುವುದು ಕತ್ತೇ. 2023ರಲ್ಲಿ ಎಡ ದವಡೆ ಸ್ವಲ್ಪ ಇಳಿದಿದೆ. ಕಳೆದ ಯುಗಾದಿಯದನ್ನು 2015ರದ್ದರ ಪಕ್ಕ ಇಟ್ಟರೆ, ಹತ್ತು ವರ್ಷ ದೊಡ್ಡವಳಾದ ನನ್ನ ದವಡೆ ಈಗಲೂ ಆಗಿನದಕ್ಕಿಂತ ನೇರವಾಗಿದೆ. ಕಣ್ಣು ಮಾತ್ರ 64ರದ್ದೇ, ಏಕೆಂದರೆ ಅದನ್ನು ಮುಟ್ಟಿಸಿರಲಿಲ್ಲ.

ಅವಧಿಯನ್ನು ಕಡಿಮೆ ಮಾಡುವುದು ಬಿಸಿಲು, ಹೊಗೆ, ತೂಕದ ಏರಿಳಿತ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಚರ್ಮದ ಕೊಲಾಜೆನ್ ವೇಗವಾಗಿ ಕುಗ್ಗುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಸನ್‌ಸ್ಕ್ರೀನ್ ನಮ್ಮ ಕೈಯಲ್ಲಿದೆ. ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ಹೋಗುವಷ್ಟೇ ಬಿಸಿಲಿದ್ದರೂ ಹಚ್ಚುತ್ತೇನೆ, ಕತ್ತಿಗೂ ಸೇರಿಸಿ.

ಎರಡನೆಯ ಸಲ ಮಾಡಿಸಬಹುದು, ಹತ್ತು ಹನ್ನೆರಡು ವರ್ಷದ ಮೇಲೆ ಹಲವರು ಮಾಡಿಸುತ್ತಾರೆ. ನಾನು ಈ ಯುಗಾದಿಯ ಫೋಟೋ ತೆಗೆಸಿಕೊಂಡು ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ. ಕೇಳಬೇಕಾದದ್ದು ಕತ್ತಿನ ಬಗ್ಗೆ ಮಾತ್ರ. ನೀವು ಈ ವರ್ಷ ಮಾಡಿಸುವುದಿರಲಿ, ಇನ್ನು ಐದು ವರ್ಷ ಬಿಟ್ಟು ಮಾಡಿಸುವುದಿರಲಿ, ಮೊದಲ ಫೋಟೋವನ್ನು ಈಗಲೇ ತೆಗೆಸಿಡಿ. ಅದೇ ಕಿಟಕಿ, ಅದೇ ಕುರ್ಚಿ, ಕೂದಲು ಹಿಂದಕ್ಕೆ ಕಟ್ಟಿ, ನಗದೆ.