ಸಸ್ಯೋದ್ಯಾನದಲ್ಲಿ ಒಂದು ದಿನ: ಹೊತ್ತು ನೋಡಿ ಹೆಜ್ಜೆ ಇಡುವುದು

ಸಸ್ಯೋದ್ಯಾನಕ್ಕೆ ಹೋದವರು ಸಾಮಾನ್ಯವಾಗಿ ಗೇಟಿನಿಂದ ದೊಡ್ಡ ದಾರಿ ಹಿಡಿದು ನೇರ ನಡೆಯುತ್ತಾರೆ. ಹನ್ನೊಂದೂವರೆಗೆ ಕೊಳದ ಬಳಿ ಬಂದರೆ ತಾವರೆ ಮುಚ್ಚಿಕೊಳ್ಳುತ್ತಿರುತ್ತದೆ. ಒಂದು ಗಂಟೆಗೆ ಗಾಜಿನಮನೆ ಹೊಕ್ಕರೆ ಒಳಗೆ ಕುಲುಮೆ. ಮೂರಕ್ಕೆ ಕಾಲು ಸೋತು ಬೆಂಚು ಹುಡುಕುವಾಗ ನೋಡಬೇಕಾದದ್ದು ಇನ್ನೂ ಅರ್ಧ ಬಾಕಿ. ಎಡವಟ್ಟಾಗುವುದು ಸರದಿಯಲ್ಲಿ. ನಾನು ನಕ್ಷೆಯ ಸರದಿ ಬಿಟ್ಟು ಗಿಡಗಳ ಸರದಿ ಹಿಡಿಯುತ್ತೇನೆ: ಯಾವುದು ಯಾವ ಹೊತ್ತಿಗೆ ತೆರೆದಿರುತ್ತದೋ ಆ ಹೊತ್ತಿಗೆ ಅದರ ಮುಂದೆ ಇರುವುದು. ಇದಕ್ಕಾಗಿ ಒಂದೇ ದಾರಿಯಲ್ಲಿ ಎರಡು ಸಲ ಓಡಾಡಬೇಕಾಗಬಹುದು, ಆಗಲಿ.

ಹೊರಡುವ ಮೂರು-ನಾಲ್ಕು ದಿನ ಮುಂಚೆ ತೋಟದ ವಿಸ್ತೀರ್ಣ ನೋಡಿಕೊಳ್ಳುತ್ತೇನೆ. 1545ರಲ್ಲಿ ಶುರುವಾದ ಇಟಲಿಯ ಪಡುವಾ ಉದ್ಯಾನದ ಹಳೆಯ ಭಾಗ ಸುಮಾರು 2 ಹೆಕ್ಟೇರ್. ಅದನ್ನು ಅರ್ಧ ದಿನದಲ್ಲಿ ಲೇಬಲ್ ಓದುತ್ತಾ ಮುಗಿಸಬಹುದು. ಲಂಡನ್ನಿನ ಕ್ಯೂ ಸುಮಾರು 130 ಹೆಕ್ಟೇರ್. ಅದನ್ನು ಒಂದೇ ದಿನ ‘ನೋಡಿ ಮುಗಿಸುತ್ತೇನೆ’ ಎಂದು ಹೊರಟವರು ದಾರಿಯನ್ನು ನೋಡಿ ಬರುತ್ತಾರೆ, ಗಿಡಗಳನ್ನಲ್ಲ. ಲೇಬಲ್ ಓದುತ್ತಾ, ನಿಂತು ನೋಡುತ್ತಾ ಹೋದರೆ ನನ್ನ ವೇಗ ಗಂಟೆಗೆ ಒಂದು ಕಿಲೋಮೀಟರ್ ದಾಟುವುದಿಲ್ಲ. ಗಮನ ಕೊಟ್ಟು ನೋಡಲಾಗುವುದು ದಿನಕ್ಕೆ ನಾಲ್ಕು ಗಂಟೆ, ಹೆಚ್ಚೆಂದರೆ ಐದು. ಆದ್ದರಿಂದ ದೊಡ್ಡ ತೋಟದಲ್ಲಿ ಮೂರು ವಿಭಾಗ ಆರಿಸಿಕೊಂಡು ಉಳಿದದ್ದನ್ನು ಕೈಬಿಡುತ್ತೇನೆ. ಮನಸ್ಸಿಗೆ ಕಷ್ಟವೇ, ಆದರೆ ಬೇರೆ ದಾರಿಯಿಲ್ಲ.

ಆಮೇಲೆ ಮುಚ್ಚಿರುವ ವಿಭಾಗಗಳ ಪಟ್ಟಿ. ಗಾಜಿನಮನೆಗಳಿಗೆ ದುರಸ್ತಿ ತಪ್ಪಿದ್ದಲ್ಲ, ಒಮ್ಮೆ ಮುಚ್ಚಿದರೆ ವರ್ಷಗಟ್ಟಲೆ ಮುಚ್ಚಿರುವುದೂ ಉಂಟು. ಮುಖ್ಯ ಗೇಟು ಮುಚ್ಚುವ ಹೊತ್ತಿಗಿಂತ ಗಾಜಿನಮನೆಯ ಬಾಗಿಲು ಮೊದಲೇ ಮುಚ್ಚುವುದು ಹಲವು ಕಡೆ ವಾಡಿಕೆ. ‘ಕೊನೆಗೆ ಹೋದರಾಯಿತು’ ಎಂದುಕೊಂಡವರು ಬೀಗ ನೋಡಿ ವಾಪಸಾಗುತ್ತಾರೆ. ಟ್ರೈಪಾಡ್ ಒಯ್ಯುವುದಾದರೆ ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಈಗ ಹೊತ್ತಿನ ಲೆಕ್ಕ. ಇದರಲ್ಲಿ ಹೆಚ್ಚು ಫಲ ಕೊಡುವುದು ನೀರಿನ ಗಿಡಗಳು. ತಾವರೆ ಬೆಳಗಿನ ಜಾವ ತೆರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಒಂದೊಂದು ಹೂವು ಮೂರು-ನಾಲ್ಕು ದಿನ ಹೀಗೆ ತೆರೆದು ಮುಚ್ಚಿ ಕೊನೆಗೆ ಎಸಳು ಉದುರಿಸುತ್ತದೆ. ನೈದಿಲೆಗಳಲ್ಲಿ ಎರಡು ಪಂಗಡ. ಹಗಲಿನವು ಬಿಸಿಲು ಏರಿದ ಮೇಲೆ ಅರಳಿ ಸಂಜೆಯ ಮುಂಚೆ ಮುಚ್ಚುತ್ತವೆ. ರಾತ್ರಿಯವು ಕತ್ತಲಾದ ಮೇಲೆ ಅರಳಿ ಮರುದಿನ ಬೆಳಗಿನವರೆಗೆ ತೆರೆದಿರುತ್ತವೆ. ಲೆಕ್ಕ ಹಾಕಿದರೆ ಬೆಳಗ್ಗೆ ಒಂಬತ್ತರ ಆಸುಪಾಸಿನಲ್ಲಿ ಒಂದು ಸಣ್ಣ ಸಂಧಿ ಸಿಗುತ್ತದೆ: ತಾವರೆ ಪೂರ್ತಿ ತೆರೆದಿರುತ್ತದೆ, ಹಗಲಿನ ನೈದಿಲೆ ಬಿಚ್ಚಿಕೊಳ್ಳುತ್ತಿರುತ್ತದೆ, ರಾತ್ರಿಯದು ಇನ್ನೂ ಮುಚ್ಚಿರುವುದಿಲ್ಲ. ಮೋಡದ ದಿನ ರಾತ್ರಿಯ ನೈದಿಲೆ ತಡವಾಗಿ ಮುಚ್ಚುತ್ತದೆ, ಹಗಲಿನದು ತಡವಾಗಿ ತೆರೆಯುತ್ತದೆ. ಅಂಥ ದಿನ ಹತ್ತರವರೆಗೂ ಕಾಯಬಹುದು. ಹಾಗಾಗಿ ಗೇಟು ತೆರೆದ ತಕ್ಷಣ ನನ್ನ ಮೊದಲ ನಡಿಗೆ ಕೊಳದ ಕಡೆಗೆ. ಅದು ತೋಟದ ಆ ತುದಿಯಲ್ಲಿದ್ದರೂ ಸರಿ, ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ.

ವಿಕ್ಟೋರಿಯಾ ಅಮೆಜೋನಿಕಾ ಎಂಬ ದೈತ್ಯ ನೈದಿಲೆ ಇರುವ ಕೊಳದಲ್ಲಿ ಹೆಚ್ಚಿನವರು ನಿರಾಸೆಪಡುವುದು ಹೂವಿನ ವಿಷಯಕ್ಕೆ. ತಟ್ಟೆಯಂಥ ಎಲೆ ಯಾವಾಗಲೂ ಇರುತ್ತದೆ, ಹೂವು ಮಾತ್ರ ರಾತ್ರಿಯ ಬಾಳು. ಮೊದಲ ಸಂಜೆ ಬಿಳಿಯಾಗಿ ಅರಳಿ, ಬೆಚ್ಚಗಾಗಿ, ಹಣ್ಣಿನ ಪರಿಮಳ ಬೀರಿ ಜೀರುಂಡೆಗಳನ್ನು ಕರೆಯುತ್ತದೆ. ಬೆಳಗಾಗುವಷ್ಟರಲ್ಲಿ ಅವನ್ನು ಒಳಗಿಟ್ಟುಕೊಂಡೇ ಮುಚ್ಚುತ್ತದೆ. ಎರಡನೆಯ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿ, ಪರಾಗ ಮೆತ್ತಿಕೊಂಡ ಜೀರುಂಡೆಗಳನ್ನು ಬಿಟ್ಟು, ಆಮೇಲೆ ನೀರಿಗೆ ಮುಳುಗುತ್ತದೆ. ಹಗಲು ಹೋದವರಿಗೆ ಕಾಣುವುದು ಮೊಗ್ಗು ಅಥವಾ ಮುದುಡಿದ ಹೂವು. ಹಗಲಿನಲ್ಲಿ ನೋಡಬೇಕಾದದ್ದು ಎಲೆಯ ಅಡಿಭಾಗ. ಮಗುಚಿದ ಎಲೆ ಒಂದಾದರೂ ಇದ್ದರೆ ಅದರ ದಪ್ಪ ನರಗಳ ಜಾಲ ಮತ್ತು ಮುಳ್ಳು ಕಾಣುತ್ತವೆ. ಅಷ್ಟು ಅಗಲದ ಎಲೆ ಮಡಚದೆ ತೇಲುವುದು ಆ ಜಾಲದ ಬಲದಿಂದ. ಅಂದಹಾಗೆ, ಈ ಕುಲಕ್ಕೆ 2022ರಲ್ಲಿ ವಿಕ್ಟೋರಿಯಾ ಬೊಲಿವಿಯಾನಾ ಎಂಬ ಮೂರನೆಯ ಪ್ರಭೇದ ಸೇರಿತು. ಅದು ಅಲ್ಲಿಯವರೆಗೆ ಬೇರೆ ಹೆಸರಿನಲ್ಲಿ ಕ್ಯೂ ಸಂಗ್ರಹದಲ್ಲೇ ಇತ್ತು. ಲೇಬಲ್ಲನ್ನು ವೇದವಾಕ್ಯ ಅಂದುಕೊಳ್ಳಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹೊತ್ತಿಗೆ ಕಟ್ಟುಬಿದ್ದ ಗಿಡಗಳು ಇನ್ನೂ ಇವೆ. ಹಿಬಿಸ್ಕಸ್ ಮ್ಯುಟಾಬಿಲಿಸ್ ಎಂಬ ದಾಸವಾಳ ಬೆಳಗ್ಗೆ ಬಿಳಿ, ಸಂಜೆಗೆ ಕೆಂಪು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿ. ನಾಗಲಿಂಗ ಪುಷ್ಪದ ಪರಿಮಳ ಬೆಳಗ್ಗೆ ಬೇಗ ಹೋದವರಿಗೇ. ಸುಮಾತ್ರಾದ ಟೈಟನ್ ಆರಮ್ ಅರಳಿದೆ ಎಂಬ ಸುದ್ದಿ ಬಂದರೆ ವಾರಾಂತ್ಯಕ್ಕೆ ಕಾಯಬೇಡಿ: ಅರಳಿದ್ದು ಒಂದೆರಡು ದಿನದಲ್ಲಿ ಕುಸಿಯುತ್ತದೆ, ಆ ಕೊಳೆತ ಮಾಂಸದ ನಾತ ಜೋರಾಗಿರುವುದು ಮೊದಲ ರಾತ್ರಿ. ಮರುದಿನ ಮಧ್ಯಾಹ್ನ ಹೋದವರು ‘ನಾತವೇ ಇಲ್ಲವಲ್ಲ’ ಎಂದು ದೂರುತ್ತಾರೆ. ನಿಜ, ಅವರು ಹೋಗುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಕೊಳದಿಂದ ನೇರ ಉಷ್ಣವಲಯದ ಗಾಜಿನಮನೆಗೆ. ಹತ್ತು-ಹತ್ತೂವರೆಯೊಳಗೆ ಹೊಕ್ಕು ಹೊರಬಂದರೆ ಒಳ್ಳೆಯದು. ಬಿಸಿಲು ಏರಿದಂತೆ ಗಾಜು ಒಳಗಿನ ಶಾಖವನ್ನು ಹಿಡಿದಿಡುತ್ತದೆ, ತೇವ ಬೇರೆ ಹೆಚ್ಚು, ಬೆವರು ಆರುವುದಿಲ್ಲ. ಇಲ್ಲಿ ಎಲ್ಲರಿಗೂ ಎದುರಾಗುವ ತೊಂದರೆ ಲೆನ್ಸಿಗೆ ಮಂಜು ಕವಿಯುವುದು. ಹೊರಗಿನ ಚಳಿಯಿಂದಲೋ ಎಸಿ ಕಾರಿನಿಂದಲೋ ಬಂದ ತಣ್ಣನೆಯ ಗಾಜಿನ ಮೇಲೆ ಒಳಗಿನ ತೇವ ನೀರಾಗಿ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ, ಮೇಲಾಗಿ ಗೀರು ಬೀಳುತ್ತದೆ. ಉಪಾಯ ಸುಲಭ: ಬಾಗಿಲ ಹೊರಗೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಒಳಗೆ ಹೋಗಿ 15-20 ನಿಮಿಷ ಬಿಡಿ. ತೇವ ಚೀಲದ ಹೊರಮೈಗೆ ಕೂರುತ್ತದೆ, ಕ್ಯಾಮೆರಾ ಒಳಗೇ ಬಿಸಿಯಾಗುತ್ತದೆ. ಆ ಹೊತ್ತಿನಲ್ಲಿ ಬರಿಗಣ್ಣಲ್ಲಿ ನೋಡಿ. ತಂಪು ಪ್ರದೇಶದ ಗಿಡಗಳ ಮನೆ ಇದ್ದರೆ ಅದನ್ನು ಉಷ್ಣವಲಯದ ಮನೆಯ ನಂತರ ನೋಡುತ್ತೇನೆ. ಬಿಸಿಯಿಂದ ತಂಪಿಗೆ ಹೋದರೆ ಮಂಜಿನ ಕಾಟವಿಲ್ಲ. ನೆಲ ಪಾಚಿಗಟ್ಟಿರುತ್ತದೆ, ರಬ್ಬರ್ ಅಡಿಯ ಶೂ ಬೇಕು. ಮಂಜು ಚಿಮ್ಮುವ ಯಂತ್ರ ಎಲ್ಲಿ ಯಾವಾಗ ಶುರುವಾಗುತ್ತದೆಂದು ತಿಳಿಯುವುದಿಲ್ಲ, ಶಾಯಿಯ ಬರಹ ಅಳಿಸುತ್ತದೆ. ನಾನು ಬರೆದುಕೊಳ್ಳುವುದು ಪೆನ್ಸಿಲ್ಲಿನಲ್ಲಿ.

ಕೀಟಾಹಾರಿ ಗಿಡಗಳ ಮುಂದೆ ಒಂದು ಮಾತು. ವೀನಸ್ ಫ್ಲೈಟ್ರ್ಯಾಪಿನ ಎಲೆ ಮುಚ್ಚಲು ಅದರ ಒಳಗಿನ ರೋಮಕ್ಕೆ ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ತಾಕಬೇಕು. ಇದನ್ನು ಕೇಳಿದವರ ಬೆರಳು ತಾನಾಗಿ ಮುಂದೆ ಹೋಗುತ್ತದೆ. ಬರಿದೇ ಮುಚ್ಚಿದ ಎಲೆ ಮತ್ತೆ ತೆರೆಯಲು ಒಂದು ದಿನದಷ್ಟು ಹೊತ್ತು ಬೇಕು, ಮತ್ತು ಒಂದು ಎಲೆಗೆ ಇಂಥ ಅವಕಾಶಗಳು ಕೆಲವೇ. ದಿನಕ್ಕೆ ನೂರಾರು ಜನ ಬರುವ ಕಡೆ ಅದು ಉಪವಾಸ ಬೀಳುತ್ತದೆ.

ಲೇಬಲ್ ಓದಲು ಬಂದರೆ ತೋಟದ ಸ್ವರೂಪವೇ ಬದಲಾಗುತ್ತದೆ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ನಡುವೆ ಗುಣಾಕಾರದ ಗುರುತಿದ್ದರೆ ಮಿಶ್ರತಳಿ. ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿದ್ದರೆ ಮನುಷ್ಯ ಆರಿಸಿ ಬೆಳೆಸಿದ ತಳಿ, ಅದು ಕಾಡಿನಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ಪಕ್ಕದಲ್ಲಿ ಕುಟುಂಬದ ಹೆಸರು, ಕೆಳಗೆ ಮೂಲ ದೇಶ. ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ, ಯಾರೂ ನೋಡುವುದಿಲ್ಲ. ಹಲವು ಉದ್ಯಾನಗಳಲ್ಲಿ ಅದರ ಮೊದಲ ನಾಲ್ಕು ಅಂಕಿ ಆ ಗಿಡ ಸಂಗ್ರಹಕ್ಕೆ ಬಂದ ವರ್ಷ, ಉಳಿದದ್ದು ಆ ವರ್ಷದ ಕ್ರಮಸಂಖ್ಯೆ. ಜೊತೆಗೆ ಮೂಲ ತಿಳಿಸುವ ಅಕ್ಷರವಿದ್ದರೆ ಇನ್ನೂ ಒಳ್ಳೆಯದು: ಡಬ್ಲ್ಯೂ ಅಂದರೆ ಕಾಡಿನಿಂದ ನೇರ ತಂದದ್ದು, ಝಡ್ ಅಂದರೆ ಕಾಡಿನಿಂದ ತಂದ ಗಿಡದ ಸಂತಾನ, ಜಿ ಅಂದರೆ ತೋಟದ ಮೂಲದ್ದು. ಸಂರಕ್ಷಣೆಯ ದೃಷ್ಟಿಯಿಂದ ಬೆಲೆ ಇರುವುದು ಡಬ್ಲ್ಯೂಗೆ. ನೋಡಲು ಸೊರಗಿದ ಪೊದೆಯಾದರೂ ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಲೇಬಲ್ ದಾರಿ ತಪ್ಪಿಸುವುದೂ ಉಂಟು. ವಾರ್ಷಿಕ ಗಿಡ ಸತ್ತಿರುತ್ತದೆ, ಅದರ ಹೆಸರಿನ ಪಕ್ಕದಲ್ಲಿ ಕಳೆಯೊಂದು ಸೊಂಪಾಗಿ ಬೆಳೆದಿರುತ್ತದೆ. ಎರಡು ಪೊದೆಗಳ ನಡುವೆ ಒಂದೇ ಹಲಗೆ ನೆಟ್ಟಿರುತ್ತಾರೆ. ಮರಕ್ಕೆ ಹಬ್ಬಿದ ಬಳ್ಳಿಯ ಎಲೆಯನ್ನೇ ಮರದ್ದೆಂದು ಫೋಟೋ ತೆಗೆದವರು ಕಡಿಮೆಯಿಲ್ಲ. ಅದೇ ಜಾತಿಯ ಇನ್ನೊಂದು ಗಿಡ ಇದ್ದರೆ ಎಲೆ ಹೋಲಿಸುವುದು ಪರಿಹಾರ. ಕುಟುಂಬದ ಹೆಸರು ಪುಸ್ತಕಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ. 1998ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ನಾಲ್ಕನೆಯ ಆವೃತ್ತಿ ಕಂಡ, ಹೂಬಿಡುವ ಗಿಡಗಳ ಎಪಿಜಿ ವರ್ಗೀಕರಣ ಡಿಎನ್‌ಎ ಆಧಾರದ ಮೇಲೆ ಎಷ್ಟೋ ಗಿಡಗಳನ್ನು ಮನೆ ಬದಲಿಸಿತು. ತೇಗ ವರ್ಬಿನೇಸಿಯಿಂದ ತುಳಸಿಯ ಲೇಮಿಯೇಸಿಗೆ ಬಂತು, ಬೂರುಗ ದಾಸವಾಳದ ಮಾಲ್ವೇಸಿಗೆ ಸೇರಿತು. ಹಳೆಯ ಲೇಬಲ್ ಬದಲಿಸಲು ತೋಟಗಳಿಗೆ ವರ್ಷಗಳೇ ಬೇಕು.

ಫೋಟೋ ತೆಗೆಯುವ ಸರದಿಯನ್ನೂ ಪಾಲಿಸುತ್ತೇನೆ: ಮೊದಲು ಲೇಬಲ್, ಆಮೇಲೆ ಇಡೀ ಗಿಡ, ತೊಗಟೆ, ಎಲೆಯ ಮೇಲ್ಮೈ, ಅಡಿಮೈ, ಕೊನೆಗೆ ಹೂವು. ಲೇಬಲ್ ಕೊನೆಗಿಟ್ಟರೆ ಮನೆಯಲ್ಲಿ ಯಾವ ಹೆಸರು ಯಾವ ಗಿಡದ್ದೆಂದು ಗೋಜಲಾಗುತ್ತದೆ. ಹೂವಿಗೆ ತೆಳುಮೋಡದ ಬೆಳಕು ಚೆನ್ನ. ಹೊಳೆಯುವ ಎಲೆಗಳಿಗೆ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಕಡಿಮೆಯಾಗಿ ಹಸಿರು ಕಾಣುತ್ತದೆ.

ಚೀಲದಲ್ಲಿ ಒಂದೂವರೆ ಲೀಟರ್ ನೀರು, ಟೊಪ್ಪಿ, ಎರಡು ಮೀಟರ್ ಹತ್ತಿರದ್ದೂ ಫೋಕಸ್ ಆಗುವ ದುರ್ಬೀನು, ಮತ್ತು ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ. ಮಸೂರ ಹಿಡಿಯುವುದರಲ್ಲೇ ಹೆಚ್ಚಿನವರ ತಪ್ಪು. ಅದನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನು ಎಲೆಯ ಕಡೆ ಬಗ್ಗಿಸಬೇಕು, ಸುಮಾರು ಎರಡೂವರೆ ಸೆಂಟಿಮೀಟರಿಗೆ ಬಂದಾಗ ತಿಳಿಯಾಗುತ್ತದೆ. ಜರೀಗಿಡದ ಎಲೆಯ ಅಡಿ ನೋಡಿ. ಕಂದು ಚುಕ್ಕೆಗಳ ಸಾಲು ಕಂಡು ರೋಗ ಅಥವಾ ಕೀಟದ ಮೊಟ್ಟೆ ಅಂದುಕೊಳ್ಳುವವರೇ ಜಾಸ್ತಿ, ಅವು ಬೀಜಕಗಳ ಗೊಂಚಲು. ಬಿದ್ದ ನಿಂಬೆ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಗ್ರಂಥಿಗಳು ಸೂಜಿ ಚುಚ್ಚಿದ ತೂತುಗಳಂತೆ ಹೊಳೆಯುತ್ತವೆ.

ಮಧ್ಯಾಹ್ನ ಮರಗಳಿಗೆ. ನೆರಳೂ ಸಿಗುತ್ತದೆ, ಮರಗಳಿಗೆ ಗಡಿಯಾರದ ಹಂಗೂ ಇಲ್ಲ. ಹಲವು ತೋಟಗಳಲ್ಲಿ ಹುಡುಕಬಹುದಾದದ್ದು ವೊಲೆಮಿ ಪೈನ್. 1994ರಲ್ಲಿ ಆಸ್ಟ್ರೇಲಿಯಾದ ಕಣಿವೆಯೊಂದರಲ್ಲಿ ಸಿಕ್ಕಿದ್ದು, ಬಲಿತ ಮರದ ಕಂದು ತೊಗಟೆ ಗುಳ್ಳೆ ಎದ್ದಂತೆ ಇರುತ್ತದೆ. ತಾಳೆಯಂತೆ ಕಾಣುವ ಸೈಕಾಡ್‌ ಗಿಡಗಳ ನಡುವೆ ಎನ್ಸೆಫಲಾರ್ಟಸ್ ವುಡಿಯೈ ಇದ್ದರೆ ಬಿಡಬೇಡಿ: 1895ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಒಂದೇ ಗಂಡು ಗಿಡದ ತುಂಡುಗಳೇ ಇಂದು ಜಗತ್ತಿನ ತೋಟಗಳಲ್ಲೆಲ್ಲ ಇರುವುದು. ಹೆಣ್ಣು ಗಿಡ ಇನ್ನೂ ಸಿಕ್ಕಿಲ್ಲ. ಕೋಲ್ಕತ್ತ ಪಕ್ಕದ ಹೌರಾದ ಉದ್ಯಾನದ ಮಹಾ ಆಲದಲ್ಲಿ ಜನ ಬುಡ ಹುಡುಕುತ್ತಾ ಅಲೆಯುತ್ತಾರೆ. ಶಿಲೀಂಧ್ರ ತಗುಲಿದ ಮೂಲಕಾಂಡವನ್ನು 1925ರಲ್ಲೇ ತೆಗೆದರು, ಈಗ ಇರುವುದೆಲ್ಲ ಬಿಳಲುಗಳ ಕಾಡು. ಅದನ್ನು ಸುತ್ತಿಬಂದು ನೋಡಬೇಕು.

ಮಕ್ಕಳಿದ್ದರೆ ಲೇಬಲ್ ಓದಿಸಲು ಹೋಗಬೇಡಿ. ಐದು ಬಗೆಯ ತೊಗಟೆ ಮುಟ್ಟಿ ನೋಡು, ಮೂರು ಬಗೆಯ ಬಿದ್ದ ಎಲೆ ಹೋಲಿಸು ಎಂಬಂಥ ಒಂದೇ ಕೆಲಸ ಕೊಡಿ, ಮುಕ್ಕಾಲು ಗಂಟೆ ನಡೆಯುತ್ತದೆ. ಬಾಯಿಗೆ ಏನೂ ಹೋಗಬಾರದು. ಕಣಗಿಲೆ, ದತ್ತೂರ, ಗುಲಗಂಜಿ, ಹರಳು ಯಾವ ತೋಟದಲ್ಲಾದರೂ ಇರಬಹುದು, ಎಲ್ಲ ಕಡೆ ಎಚ್ಚರಿಕೆಯ ಹಲಗೆ ಇರುವುದಿಲ್ಲ. ಕಳ್ಳಿಜಾತಿಯ ಹಾಲು ಕಣ್ಣಿಗೆ ಸೋಕಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು.

ಬಿದ್ದ ಬೀಜವನ್ನೂ ಜೇಬಿಗೆ ಹಾಕುವುದಿಲ್ಲ. ತೋಟದವರು ಅದೇ ಬೀಜಕ್ಕೆ ಕಾಯುತ್ತಿರಬಹುದು, ಗಡಿ ದಾಟಿಸಿದರೆ ಕ್ವಾರಂಟೀನ್ ನಿಯಮ ಅಡ್ಡ ಬರುತ್ತದೆ. ಆರ್ಕಿಡ್ ಮತ್ತು ಸೈಕಾಡ್‌ಗಳಿಗಂತೂ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಟ್ಟುಪಾಡು ಬೇರೆ. 2014ರ ಜನವರಿಯಲ್ಲಿ ಕ್ಯೂನಿಂದ ಜಗತ್ತಿನ ಅತಿ ಪುಟ್ಟ ನೈದಿಲೆ ನಿಂಫಿಯಾ ಥರ್ಮಾರಮ್‌ನ ಒಂದು ಗಿಡ ಕಳುವಾಯಿತು. ಅಪರೂಪದ ಗಿಡಗಳನ್ನು ಗಾಜಿನ ಹಿಂದೆ, ಕೈಗೆಟುಕದಷ್ಟು ದೂರ ಇಟ್ಟಿರುವುದಕ್ಕೆ ಕಾರಣ ಇಂಥವೇ.

ಸಂಜೆ ನಾಲ್ಕರ ನಂತರ ಬೆಳಕು ಓರೆಯಾದಾಗ ಬೆಳಗ್ಗೆ ನೋಡಿದ ಒಂದು ಗಿಡಕ್ಕೆ ಮರಳಿ ಹೋಗುತ್ತೇನೆ. ದಾಸವಾಳ ಕೆಂಪಾಗಿರುತ್ತದೆ, ಹಗಲಿನ ನೈದಿಲೆ ಮುಚ್ಚಿರುತ್ತದೆ, ವಿಕ್ಟೋರಿಯಾದ ಮೊಗ್ಗಿನ ತುದಿಯಲ್ಲಿ ಬಿಳಿ ಇಣುಕಿದ್ದರೆ ಅದು ಅಂದೇ ರಾತ್ರಿ ಅರಳುತ್ತದೆ. ಮರುದಿನ ಸಂಜೆ ತೋಟ ತಡಹೊತ್ತಿನವರೆಗೆ ತೆರೆದಿರುತ್ತದೆಯೇ ಎಂದು ಗೇಟಿನಲ್ಲಿ ಕೇಳಿ ಹೊರಡುತ್ತೇನೆ.