ನಿಮ್ಮ ಇಂಜೆಕ್ಷನ್ ನೀವೇ ಹಾಕಿಕೊಳ್ಳುವಾಗ

ಮೊದಲ ಸಲ ಇನ್ಸುಲಿನ್ ಪೆನ್ ಕೈಗೆ ಬಂದ ದಿನ ಅದನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಚುಚ್ಚಲು ಕೈಯೇ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಚುಚ್ಚಿದರೆ, ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ! ಸೂಜಿಯ ಉದ್ದ ಬರೀ 4 ಮಿಲಿಮೀಟರ್. ಈಗ ಅನ್ನಿಸುತ್ತದೆ, ಆ ಹತ್ತು ನಿಮಿಷದ ಭಯವನ್ನು ಡೋಸ್ ನೋಡಿಕೊಳ್ಳುವುದಕ್ಕೆ, ಜಾಗ ಆರಿಸುವುದಕ್ಕೆ ಇಟ್ಟುಕೊಳ್ಳಬೇಕಿತ್ತು. ಎಡವಟ್ಟು ಜಾಸ್ತಿ ಆಗುವುದು ಅಲ್ಲೇ.

ನಮ್ಮ ಚರ್ಮದ ಕೆಳಗೆ, ಸ್ನಾಯುವಿನ ಮೇಲೆ, ಒಂದು ಕೊಬ್ಬಿನ ಪದರ ಇದೆ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಸಂಧಿವಾತದ ಕೆಲವು ಔಷಧಿಗಳು ಹೋಗಬೇಕಾದದ್ದು ಆ ಪದರಕ್ಕೆ. ಅಲ್ಲಿಂದ ಅವು ನಿಧಾನವಾಗಿ ರಕ್ತಕ್ಕೆ ಸೇರುತ್ತವೆ. ಇನ್ಸುಲಿನ್ ಇನ್ನೂ ಕೆಳಗಿಳಿದು ಸ್ನಾಯುವಿಗೆ ಹೋದರೆ ಬೇಗ ಹೀರಿಕೊಂಡು ಶುಗರ್ ದಿಢೀರ್ ಇಳಿಯಬಹುದು. ಹಾಗಾಗಿ ಮೊದಲ ಒಂದೆರಡು ಸಲ ನರ್ಸ್ ಎದುರಿಗೇ ಹಾಕಿಕೊಂಡು ತೋರಿಸಿ. ಅಲ್ಲಿ ಎಲ್ಲ ಸುಲಭ. ಮನೆಗೆ ಬಂದ ಮೇಲೆ ಅರ್ಧ ಮರೆತಿರುತ್ತದೆ, ಅಲ್ವಾ? ಆ ಅರ್ಧಕ್ಕಾಗಿ ಈ ಲೇಖನ.

ಡೋಸ್ ತೆಗೆಯುವಾಗ

ಸೋಪು ಹಾಕಿ ಕೈ ತೊಳೆದು ಒಣಗಿಸಿಕೊಳ್ಳಿ. ಔಷಧಿಯ ಹೆಸರು, ಅವಧಿ ಮುಗಿಯುವ ದಿನಾಂಕ ನೋಡಿ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರ್‌ನಲ್ಲಂತೂ ಬೇಡವೇ ಬೇಡ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ಬಳಸಲು ಶುರು ಮಾಡಿದ್ದನ್ನು ಹೊರಗಿಡಬಹುದು, ಬಹಳಷ್ಟು ಇನ್ಸುಲಿನ್‌ಗಳಿಗೆ 28 ದಿನ ಗಡುವು. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆದಿಡಿ. ತಣ್ಣಗಿರುವ ಔಷಧಿ ಚುಚ್ಚಿದರೆ ಉರಿಯುತ್ತದೆ, ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡುವುದು ಒಳ್ಳೆಯದು. ಬಿಸಿನೀರಿನಲ್ಲಿ ಅದ್ದಬೇಡಿ.

ಬಾಟಲಿ ಮತ್ತು ಸಿರಿಂಜ್ ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಒಂದು ಮಿಲಿಲೀಟರ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜ್‌ಗಳೂ ಹಾಗೆಯೇ ಎರಡು ಬಗೆ. 100ರ ಬಾಟಲಿಗೆ 40ರ ಸಿರಿಂಜ್ ಹಾಕಿ 20ರ ಗೆರೆವರೆಗೆ ಎಳೆದರೆ ಒಳಗೆ ಬಂದಿರುವುದು 20 ಅಲ್ಲ, 50 ಯೂನಿಟ್! ಉಲ್ಟಾ ಆದರೆ ಬರೀ 8. ಗೆರೆ ಸರಿಯಾಗೇ ಕಾಣುತ್ತಿರುತ್ತದೆ, ಅದೇ ಮೋಸ. ಬಾಟಲಿಯ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಜೋರಾಗಿ ಓದಿ ಹೊಂದಿಸಿ. ನಾನು ಈಗಲೂ ಜೋರಾಗಿಯೇ ಓದುತ್ತೇನೆ, ಮನೆಯವರು ನಕ್ಕರೂ ಪರವಾಗಿಲ್ಲ.

ಬಿಳಿ ಮೋಡದಂತಿರುವ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗೆ ಮಾಡಿ. ಕುಲುಕಿದರೆ ನೊರೆ ಬರುತ್ತದೆ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ ಎಸೆಯಿರಿ.

ಪೆನ್ ಆದರೆ ಪ್ರತಿ ಸಲ ಹೊಸ ಸೂಜಿ ಹಾಕಿ. ಪೆನ್ನಿನ ಹಿಂಬದಿಯ ಗುಂಡಿಯನ್ನು 2 ಯೂನಿಟ್‌ಗೆ ತಿರುಗಿಸಿ, ಸೂಜಿ ಮೇಲ್ಮುಖವಾಗಿ ಹಿಡಿದು ಗುಂಡಿ ಒತ್ತಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಹನಿ ಮಿನುಗಬೇಕು. ಮಿನುಗದಿದ್ದರೆ ಮತ್ತೆ ಮಾಡಿ. ಆಮೇಲೆ ನಿಮ್ಮ ಡೋಸ್ ತಿರುಗಿಸಿ. ಗಾಳಿಗುಳ್ಳೆ ಒಳಗೆ ಹೋದರೆ ಪ್ರಾಣ ಹೋಗುತ್ತದೆ ಅಂತ ಹೆದರುವವರಿದ್ದಾರೆ. ಕೊಬ್ಬಿನ ಪದರದಲ್ಲಿ ಹಾಗೇನೂ ಆಗುವುದಿಲ್ಲ, ಡೋಸ್ ಅಷ್ಟು ಕಡಿಮೆಯಾಗುತ್ತದೆ ಅಷ್ಟೇ. ತುಂಬಿಸಿಯೇ ಬರುವ ಎನಾಕ್ಸಪಾರಿನ್ (ಹೆಪಾರಿನ್‌ನದೇ ಒಂದು ಬಗೆ) ಸಿರಿಂಜ್‌ನಲ್ಲಿ ಮಾತ್ರ, ಪೂರ್ತಿ ಡೋಸ್ ತೆಗೆದುಕೊಳ್ಳುವವರು ಗಾಳಿಗುಳ್ಳೆಯನ್ನು ಹೊರಗೆ ತೆಗೆಯಬಾರದು.

ಜಾಗ ಯಾವುದು

ಹೊಟ್ಟೆ, ತೊಡೆಯ ಮುಂಭಾಗದ ಹೊರಮಗ್ಗುಲು, ತೋಳಿನ ಹಿಂಭಾಗ. ಹೊಕ್ಕುಳಿನ ಸುತ್ತ 5 ಸೆಂಟಿಮೀಟರ್ ಬಿಡಿ. ಗಾಯದ ಕಲೆ, ಮಚ್ಚೆ, ಕಂದಿದ ಜಾಗ ಬೇಡ.

ನಾನು ಮಾಡಿದ ತಪ್ಪು ಏನು ಗೊತ್ತಾ? ಬಲಗೈಯಲ್ಲಿ ಸಲೀಸು ಅಂತ ತಿಂಗಳುಗಟ್ಟಲೆ ಹೊಕ್ಕುಳಿನ ಎಡಕ್ಕೆ ಒಂದೇ ಕಡೆ ಚುಚ್ಚಿದೆ. ಅಲ್ಲಿ ನೋವೂ ಕಡಿಮೆಯಾಗುತ್ತಾ ಬಂತು, ಖುಷಿಪಟ್ಟೆ. ಒಂದು ದಿನ ಸ್ನಾನ ಮಾಡುವಾಗ ಕೈಗೆ ರಬ್ಬರಿನಂಥ ಗಂಟು ಸಿಕ್ಕಿತು. ಒಂದೇ ಜಾಗದಲ್ಲಿ ಇನ್ಸುಲಿನ್ ಬಿದ್ದೂ ಬಿದ್ದೂ ಕೊಬ್ಬು ಹೀಗೆ ಉಬ್ಬಿಕೊಳ್ಳುತ್ತದಂತೆ. ಅಲ್ಲಿಂದ ಔಷಧಿ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ನನ್ನ ಶುಗರ್ ಯಾಕೆ ಹಾಗೆ ಏರಿಳಿಯುತ್ತಿತ್ತು ಅನ್ನುವುದು ಆಗ ತಿಳಿಯಿತು. ನಿಮಗೂ ಗಂಟು ಸಿಕ್ಕರೆ ತಟ್ಟನೆ ಹಳೇ ಡೋಸನ್ನೇ ಹೊಸ ಜಾಗಕ್ಕೆ ಹಾಕಬೇಡಿ, ಅಲ್ಲಿ ಚೆನ್ನಾಗಿ ಹೀರಿಕೊಂಡು ಶುಗರ್ ಲೋ ಆಗಬಹುದು. ಮೊದಲು ಡಾಕ್ಟರಿಗೆ ಹೇಳಿ. ಗಂಟು ಬರದಂತೆ ನೋಡಿಕೊಳ್ಳಲು, ಹೊಟ್ಟೆಯನ್ನು ನಾಲ್ಕು ಭಾಗ ಅಂದುಕೊಂಡು ವಾರಕ್ಕೊಂದು ಭಾಗ ಬಳಸಿ. ಅದರೊಳಗೂ ಪ್ರತಿ ಸಲ ಒಂದು ಬೆರಳಗಲ ಸರಿಯಿರಿ.

ಈಗ ಚುಚ್ಚಿ

ಸ್ಪಿರಿಟ್ ಒರೆಸಿದ್ದರೆ ಆರಲು ಬಿಡಿ, ಹಸಿ ಇದ್ದರೆ ಉರಿಯುತ್ತದೆ. 4 ಮಿಲಿಮೀಟರ್ ಸೂಜಿಯನ್ನು ದೊಡ್ಡವರು ಸಾಮಾನ್ಯವಾಗಿ ನೇರವಾಗಿಯೇ ಚುಚ್ಚಬಹುದು. ಸೂಜಿ ಉದ್ದವಿದ್ದರೆ, ಮೈ ತೆಳ್ಳಗಿದ್ದರೆ, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಚರ್ಮವನ್ನು ಮೆಲ್ಲಗೆ ಮಡಚಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ಸ್ನಾಯುವೂ ಜೊತೆಗೆ ಎದ್ದು ಬರುತ್ತದೆ. ನೇರವಾಗಿ ಚುಚ್ಚಬೇಕೋ 45 ಡಿಗ್ರಿ ಓರೆಯಾಗಿಯೋ ಅನ್ನುವುದನ್ನು ನರ್ಸ್ ಹೇಳಿಕೊಟ್ಟಿರುತ್ತಾರೆ. ಹಿಂಜರಿಯದೆ ಒಂದೇ ಸಲಕ್ಕೆ ಚುಚ್ಚಿ, ಔಷಧಿಯನ್ನು ಮಾತ್ರ ನಿಧಾನವಾಗಿ ತಳ್ಳಿ. ಪೆನ್ ಆದರೆ ಗುಂಡಿ ಪೂರ್ತಿ ಒತ್ತಿದ ಮೇಲೂ ಹತ್ತು ಎಣಿಸಿ, ಆಮೇಲೆ ಹೊರಗೆಳೆಯಿರಿ. ರಕ್ತದ ಹನಿ ಕಂಡರೆ ಹತ್ತಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹೆಪಾರಿನ್ ತೆಗೆದುಕೊಳ್ಳುವವರು ಉಜ್ಜಿದರೆ ನೀಲಿಗಟ್ಟುವುದು ಜಾಸ್ತಿ.

ಡೋಸ್ ಮರೆತುಹೋದರೆ ಮುಂದಿನ ಸಲ ಎರಡು ಪಟ್ಟು ಹಾಕಿಕೊಳ್ಳಬೇಡಿ, ಫೋನ್ ಮಾಡಿ ಕೇಳಿ. ಚುಚ್ಚಿದ ಜಾಗದ ಕೆಂಪು ಹರಡುತ್ತಿದ್ದರೆ, ಬಿಸಿಯಾಗಿದ್ದರೆ, ಕೀವು ಅಥವಾ ಜ್ವರ ಬಂದರೆ ಡಾಕ್ಟರನ್ನು ನೋಡಿ. ತುಟಿ, ಮುಖ ಊದಿಕೊಂಡು ಉಸಿರು ಕಟ್ಟಿದಂತಾದರೆ ತುರ್ತು ಚಿಕಿತ್ಸೆಗೆ ತಡಮಾಡದೆ ಓಡಿ.

ಬಳಸಿದ ಸಿರಿಂಜ್‌ಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಬೆರಳಿಗೆ ಚುಚ್ಚುವುದು ಆಗಲೇ. ಪೆನ್‌ನಲ್ಲೂ ಸೂಜಿ ಹಾಗೇ ಬಿಡಬೇಡಿ, ಗಾಳಿ ಒಳಗೆ ಹೋಗುತ್ತದೆ, ಔಷಧಿ ಸೋರುತ್ತದೆ. ಸೂಜಿ ಬದಲಿಸಿದರೂ ಪೆನ್ನನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಒಳಗೆ ರಕ್ತದ ಅಂಶ ಉಳಿದಿರಬಹುದು. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಬಿಗಿಯಾಗಿ ಮುಚ್ಚಿ, ಎಲ್ಲಿಗೆ ಕೊಡಬೇಕೆಂದು ಆಸ್ಪತ್ರೆಯಲ್ಲಿ ಕೇಳಿ ಕೊಡಿ. ಡಬ್ಬಿಯ ಮೇಲೆ ‘ಸೂಜಿ ಇದೆ’ ಅಂತ ದೊಡ್ಡದಾಗಿ ಬರೆಯಿರಿ, ಅದನ್ನು ಮುಂದೆ ಎತ್ತಿಕೊಳ್ಳುವ ಕೈ ಬೇರೆಯವರದ್ದು.