ಹೂಗಿಡದ ವೈಜ್ಞಾನಿಕ ಹೆಸರು ಪತ್ತೆ ಹಚ್ಚುವುದು ಹೇಗೆ?

ಕಣಗಿಲೆ, ಹಳದಿ ಕಣಗಿಲೆ, ಕಾಶಿ ಕಣಗಿಲೆ. ಹೆಸರು ಕೇಳಿದರೆ ಒಂದೇ ಗಿಡದ ಮೂರು ಬಗೆ ಇರಬೇಕು ಅನಿಸುತ್ತದೆ. ಅಲ್ಲ, ಕುಟುಂಬ ಒಂದೇ ಆದರೂ ಇವು ಮೂರು ಬೇರೆ ಬೇರೆ ಕುಲದ (ಕುಟುಂಬದೊಳಗಿನ ಚಿಕ್ಕ ಗುಂಪು, ಜೀನಸ್) ಗಿಡಗಳು: ನೀರಿಯಮ್ ಒಲಿಯಾಂಡರ್, ಕ್ಯಾಸ್ಕಬೆಲಾ ಥೆವೆಟಿಯಾ, ಕ್ಯಾಥರಾಂಥಸ್ ರೋಸಿಯಸ್. ಮೊದಲೆರಡರ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮೂರನೆಯದರಿಂದ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಎಂಬ ಕ್ಯಾನ್ಸರ್ ಔಷಧಗಳು ಬಂದಿವೆ. ಯಾವ ಗಿಡವೆಂದು ಖಚಿತವಾಗುವ ಮೊದಲೇ ಔಷಧೀಯ ಗುಣ ಹುಡುಕುವುದು ಅಪಾಯ.

ಹೆಸರಿಗಿಂತ ಮೊದಲು ಗಿಡ ನೋಡಿ. ಕಣಗಿಲೆಯಲ್ಲಿ ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ. ಕಾಯಿ ಉದ್ದನೆಯ ಕೋಡಿನಂತೆ, ಒಳಗಿನ ಬೀಜಕ್ಕೆ ರೋಮ. ಹಳದಿ ಕಣಗಿಲೆಯ ಎಲೆಗಳು ಒಂದೊಂದಾಗಿ ಕಾಂಡದ ಸುತ್ತ ಹೊರಡುತ್ತವೆ. ಕಾಯಿ ದುಂಡಗೆ, ತಿರುಳುಳ್ಳದ್ದು. ಕಾಶಿ ಕಣಗಿಲೆ ಚಿಕ್ಕ ಗಿಡ, ಎಲೆಗಳು ಎದುರುಬದುರು. ಹೂವು, ಎಲೆಯ ಜೋಡಣೆ, ಕಾಯಿ ಮೂರರ ಫೋಟೊವನ್ನೂ ತೆಗೆದಿಡಿ. ಹೂವಿನದೊಂದೇ ಸಾಲದು.

ಆಮೇಲೆ ಜನ ಕರೆಯುವ ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಭಾಷೆ ಮತ್ತು ಪ್ರದೇಶ ಇರಲೇಬೇಕು. ಕನ್ನಡದಲ್ಲಿ ಮಂದಾರ ಎಂದರೆ ಬೌಹಿನಿಯಾ ಕುಲದ ಗಿಡ, ತೆಲುಗಿನಲ್ಲಿ ಮಂದಾರಂ ಎಂದರೆ ನಮ್ಮ ದಾಸವಾಳ, ಹಿಂದಿಯ ಮದಾರ್ ಎಕ್ಕದ ಗಿಡ. ಪಾರಿಜಾತವೆಂದರೆ ನಮಗೆ ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್. ಉತ್ತರ ಪ್ರದೇಶದ ಕಿಂತೂರಿನಲ್ಲಿ ಪಾರಿಜಾತವೆಂದು ಪೂಜೆಗೊಳ್ಳುವ ಮರ ಆಫ್ರಿಕಾ ಮೂಲದ ಬಾವೊಬಾಬ್. ಯಾವ ಹೆಸರೂ ತಪ್ಪಲ್ಲ. ಭಾಷೆ ನಮೂದಿಸದೆ ಒಂದೇ ಪಟ್ಟಿಗೆ ಸೇರಿಸುವುದು ಮಾತ್ರ ತಪ್ಪು, ಅಂತರ್ಜಾಲದ ಎಷ್ಟೋ ಪಟ್ಟಿಗಳು ಕೆಟ್ಟಿರುವುದು ಹೀಗೆಯೇ. ಇಂಗ್ಲಿಷ್ ಹೆಸರನ್ನೂ ಕಣ್ಣುಮುಚ್ಚಿ ನಂಬಬೇಡಿ: ಕುಂಡಗಳಲ್ಲಿ ಬೆಳೆಸುವ ಜೆರೇನಿಯಂ ಸಾಮಾನ್ಯವಾಗಿ ಪೆಲಾರ್ಗೋನಿಯಂ ಕುಲದ್ದು, ಜೆರೇನಿಯಂ ಎಂಬ ಕುಲವೇ ಬೇರೆ.

ಈಗ ‘ಫ್ಲವರ್ಸ್ ಆಫ್ ಇಂಡಿಯಾ’ದಂಥ ತಾಣದಲ್ಲಿ ದೇಸಿ ಹೆಸರು ಹಾಕಿ ಹುಡುಕಿ. ಸಿಕ್ಕ ವಿವರಣೆಯನ್ನು ನಿಮ್ಮ ಫೋಟೊಗಳ ಜತೆ ಸಾಲುಸಾಲಾಗಿ ಹೋಲಿಸಿ. ಮೊಬೈಲ್ ಆ್ಯಪ್ ಕೊಡುವ ಉತ್ತರಕ್ಕೂ ಇದೇ ಪರೀಕ್ಷೆ.

ಹೆಸರು ಹೊಂದಿತೆಂದರೆ ಅದು ಈಗ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಇದಕ್ಕೆ ಲಂಡನ್ನಿನ ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ಎಂಬ ಜಾಲತಾಣ ಉಚಿತವಾಗಿ ಸಿಗುತ್ತದೆ. ಹಳೆಯ ಪುಸ್ತಕದ ವಿಂಕಾ ರೋಸಿಯಾ ಇಂದಿನ ಕ್ಯಾಥರಾಂಥಸ್ ರೋಸಿಯಸ್. ಕುಲ ಬದಲಾದಾಗ ಲ್ಯಾಟಿನ್ ಲಿಂಗಕ್ಕೆ ತಕ್ಕಂತೆ ಎರಡನೆಯ ಪದದ ಕೊನೆಯೂ ಬದಲಾಗಿದೆ. ಸಂಪಿಗೆಯ ಮಿಚೇಲಿಯಾ ಚಂಪಾಕ ಈಗ ಮ್ಯಾಗ್ನೋಲಿಯಾ ಚಂಪಾಕ. ಹಳೆಯ ಹೆಸರನ್ನು ಅಳಿಸಬೇಡಿ, ಪಕ್ಕದಲ್ಲೇ ಇರಲಿ. ಹಳೆಯ ಗ್ರಂಥಗಳಲ್ಲಿ ಹುಡುಕುವಾಗ ಅದೇ ಬೇಕು.

ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ನೆಲೆಗೊಳಿಸಿದ ಎರಡು ಪದದ ಕ್ರಮವೇ ಇಂದಿಗೂ ನಡೆಯುತ್ತಿದೆ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲದ ಮೊದಲಕ್ಷರ ಮಾತ್ರ ದೊಡ್ಡದು, ಎರಡೂ ಪದ ಓರೆ ಅಕ್ಷರದಲ್ಲಿ. ಕೊನೆಯಲ್ಲಿ ‘ಎಲ್.’ ಎಂದಿದ್ದರೆ ಹೆಸರಿಟ್ಟವರು ಲಿನೇಯಸ್ ಎಂದರ್ಥ.

ಕುಲದವರೆಗೆ ಮಾತ್ರ ಖಚಿತವಾದರೆ ‘ಬೌಹಿನಿಯಾ, ಪ್ರಭೇದ ತಿಳಿದಿಲ್ಲ’ ಎಂದಷ್ಟೇ ಬರೆದಿಡಿ. ಕಾಯಿ ಬಿಟ್ಟಾಗ ಮತ್ತೊಮ್ಮೆ ನೋಡಿ ತುಂಬಿಸಬಹುದು.